ಕುಂಚದ ತುದಿಗೆ ಕತ್ತರಿ ತಾಗಬಾರದು

ಮಕ್ಕಳ ವಾಟರ್‌ಕಲರ್ ಡಬ್ಬಿಯ ಜೊತೆ ಬರುವ ಕುಂಚ ನಾಲ್ಕು ದಿನದಲ್ಲಿ ಕೆದರಿ ನಿಲ್ಲುತ್ತದೆ. ಆಗ ಮನೆಯಲ್ಲಿ ಯಾರಾದರೂ ಒಬ್ಬರು ಕತ್ತರಿ ತಂದು ತುದಿಯನ್ನು ಸಮ ಮಾಡಿಕೊಡುತ್ತಾರೆ. ನೋಡೋಕೆ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಬಣ್ಣ ಅದ್ದಿ ಗೆರೆ ಎಳೆದಾಗ ಗೊತ್ತಾಗುತ್ತದೆ, ಗೆರೆ ಮೊದಲಿಗಿಂತ ದಪ್ಪ, ಮೊದಲಿಗಿಂತ ಒರಟು. ಅಲ್ಲಿಗೆ ಆ ಕುಂಚದ ಕಥೆ ಮುಗಿಯಿತು.

ಒಳ್ಳೆಯ ಚೂಪು ಕುಂಚ ಕಟ್ಟುವವರು ಜಪಾನಿನವರಾಗಲಿ, ಯುರೋಪಿನವರಾಗಲಿ, ಒಂದು ನಿಯಮ ಮೀರುವುದಿಲ್ಲ. ಕೂದಲು ಉದ್ದ ಜಾಸ್ತಿಯಾದರೆ ಬುಡದಲ್ಲಿ ಕತ್ತರಿಸುತ್ತಾರೆ, ತುದಿ ಮುಟ್ಟುವುದಿಲ್ಲ. ಕುದುರೆ ಕೂದಲಿನಿಂದ ಕೈಯಲ್ಲೇ ಕುಂಚ ಮಾಡುವ ಕೆಲಸದ ಅರ್ಧ ಈ ಒಂದು ನಿಯಮದಿಂದ ಹುಟ್ಟಿದ್ದು. ಆ ನಿಯಮ ಪಾಲಿಸೋಕೆ ಆಗದೇ ಹೋದಾಗ ಏನು ಮಾಡಬೇಕು ಅನ್ನೋದು ಉಳಿದರ್ಧ.

ಒಂದೇ ಒಂದು ಕೂದಲು

ಕೂದಲು ಬೆಳೆಯುವುದು ಬುಡದಿಂದ. ಚರ್ಮದಿಂದ ಮೊಟ್ಟಮೊದಲು ಹೊರಗೆ ಇಣುಕಿದ ಭಾಗವೇ ಕೊನೆವರೆಗೂ ತುದಿಯಾಗಿ ಉಳಿಯುತ್ತದೆ. ಶುರುವಿನಲ್ಲಿ ಅದು ತೀರಾ ಸಣ್ಣ, ಆಮೇಲೆ ದಪ್ಪ. ಹಾಗಾಗಿ ಎಂದೂ ಕತ್ತರಿ ಕಾಣದ ಕೂದಲಿಗೆ ಸಹಜವಾದ ಮೊನೆ ಇರುತ್ತದೆ. ಒಮ್ಮೆ ಕತ್ತರಿಸಿದರೆ ಆ ಮೊನೆ ವಾಪಸ್ ಬರುವುದಿಲ್ಲ. ಕೂದಲು ಮತ್ತೆ ಎಷ್ಟು ಉದ್ದ ಬೆಳೆದರೂ ಅದರ ತುದಿ ಮೊಂಡು. ಅದು ಉದುರಿ, ಅದೇ ಜಾಗದಲ್ಲಿ ಹೊಸದು ಹುಟ್ಟಿದರೆ ಮಾತ್ರ ಹೊಸ ಮೊನೆ.

ಕೂದಲಿನ ಮೈತುಂಬ ಸಣ್ಣ ಸಣ್ಣ ಹುರುಪೆಗಳಿವೆ. ಮಾಡಿನ ಮೇಲೆ ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತು, ಎಲ್ಲವೂ ತುದಿಯ ಕಡೆಗೆ ಮುಖ ಮಾಡಿರುತ್ತವೆ. ಬೇಕಿದ್ದರೆ ಈಗಲೇ ನೋಡಬಹುದು. ತಲೆಯ ಒಂದು ಉದ್ದ ಕೂದಲನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಉದ್ದಕ್ಕೆ ಹಿಡಿದು, ಬೆರಳುಗಳನ್ನು ಹಿಂದೆ ಮುಂದೆ ಉಜ್ಜಿ. ಕೂದಲು ತಾನಾಗಿಯೇ ಒಂದು ದಿಕ್ಕಿಗೆ ತೆವಳುತ್ತದೆ. ಆ ದಿಕ್ಕು ಯಾವಾಗಲೂ ಬುಡದ ದಿಕ್ಕು. ಹುರುಪೆಯ ಅಂಚು ಬೆರಳಿಗೆ ಒಂದು ಕಡೆ ಜಾರುತ್ತದೆ, ಇನ್ನೊಂದು ಕಡೆ ಸಿಕ್ಕಿಕೊಳ್ಳುತ್ತದೆ, ಅಷ್ಟೇ. ಕುಂಚ ಕಟ್ಟುವಾಗ ಕೂದಲಿನ ಬುಡ ಯಾವುದು, ತುದಿ ಯಾವುದು ಅಂತ ಅನುಮಾನ ಬಂದರೆ ಈ ಪರೀಕ್ಷೆಗಿಂತ ಸುಲಭವಾದದ್ದು ಇನ್ನೊಂದಿಲ್ಲ.

ಇನ್ನು ನೀರು. ಕುಂಚವನ್ನು ನೀರಿನ ಲೋಟದಲ್ಲಿ ಪೂರ್ತಿ ಮುಳುಗಿಸಿ ನೋಡಿ. ಒಳಗೆ ಕೂದಲು ಹರಡಿಕೊಂಡೇ ಇರುತ್ತದೆ. ಹೊರಗೆ ಎತ್ತಿದ ಕ್ಷಣ ಎಲ್ಲವೂ ಒಟ್ಟಾಗಿ ಚೂಪಾಗುತ್ತದೆ. ಅಂದರೆ ಕೂದಲನ್ನು ಕೂಡಿಸುವುದು ಬರೀ ಒದ್ದೆಯಲ್ಲ, ಗಾಳಿಗೆ ತಾಗುವ ನೀರಿನ ಮೇಲ್ಮೈ. ಆ ಮೇಲ್ಮೈ ಸಾಧ್ಯವಾದಷ್ಟು ಕುಗ್ಗಲು ನೋಡುತ್ತದೆ, ಕುಗ್ಗುತ್ತಾ ಕೂದಲನ್ನೂ ಒಳಗೆ ಎಳೆದುಕೊಳ್ಳುತ್ತದೆ. ಕೂದಲು ಕೂದಲಿನ ನಡುವಿನ ಸಂದುಗಳಲ್ಲಿ ಬಣ್ಣ ನಿಲ್ಲುತ್ತದೆ. ಸಂದು ಸಣ್ಣದಾದಷ್ಟೂ ಹಿಡಿತ ಜಾಸ್ತಿ. ಕಾಗದಕ್ಕೆ ತಾಗಿಸಿದಾಗ ಬಣ್ಣ ಇಳಿದು ಬರುವುದು ತುದಿಯ ಮೂಲಕ. ತುದಿ ಸಣ್ಣಗಿದ್ದರೆ ನೀರು ಅದನ್ನು ಸುಲಭವಾಗಿ ಬಗ್ಗಿಸಿ ಕೂಡಿಸುತ್ತದೆ. ಕತ್ತರಿಸಿದ ಮೊಂಡು ತುದಿಗಳು ಬಗ್ಗುವುದಿಲ್ಲ. ಅವು ಕೂಡಿದರೂ ಮೊನೆಯಾಗದೆ ಚಪ್ಪಟೆಯಾಗಿ ನಿಲ್ಲುತ್ತವೆ.

ಮೂರನೆಯದು ಪುಟಿತ. ಒತ್ತಿದಾಗ ಬಗ್ಗಬೇಕು, ಬಿಟ್ಟಾಗ ನೆಟ್ಟಗಾಗಬೇಕು. ಇದರಲ್ಲಿ ಒಂದು ಲೆಕ್ಕ ಇದೆ, ಸ್ವಲ್ಪ ಆಶ್ಚರ್ಯದ ಲೆಕ್ಕ. ಕೂದಲಿನ ದಪ್ಪ 2 ಪಟ್ಟಾದರೆ ಅದರ ಬಿಗಿ 2 ಪಟ್ಟಾಗುವುದಿಲ್ಲ, 16 ಪಟ್ಟಾಗುತ್ತದೆ. ಉದ್ದ ಅರ್ಧವಾದರೆ ಬಿಗಿ 8 ಪಟ್ಟು. ಮನುಷ್ಯನ ಕೂದಲು ಮತ್ತು ಕುದುರೆ ಬಾಲದ ಕೂದಲನ್ನು ಅಕ್ಕಪಕ್ಕ ಹಿಡಿದರೆ ದಪ್ಪದಲ್ಲಿ ಸುಮಾರು 2 ಪಟ್ಟು ವ್ಯತ್ಯಾಸ ಕಾಣಬಹುದು, ಬೆರಳಿಗೆ ಸಿಗುವ ಗಡಸು ಮಾತ್ರ ಬೇರೆಯದೇ ಮಟ್ಟದ್ದು. ಅದೇ ಕಾರಣಕ್ಕೆ ಒಂದೇ ಕಟ್ಟು ಕೂದಲನ್ನು ಅರ್ಧ ಸೆಂಟಿಮೀಟರ್ ಹಿಂದೆ ಮುಂದೆ ಕಟ್ಟಿದರೂ ಕುಂಚದ ಗುಣ ಬದಲಾಗುತ್ತದೆ.

ಕುದುರೆ ಒಂದೇ, ಕೂದಲು ಹಲವು

ಕುದುರೆ ಕೂದಲು ಅಂದಾಕ್ಷಣ ಎಲ್ಲರಿಗೂ ನೆನಪಾಗುವುದು ಬಾಲ. ಬಾಲದ ಕೂದಲು ಉದ್ದ, ದಪ್ಪ, ಗಟ್ಟಿ. ಪಿಟೀಲಿನ ಬಿಲ್ಲಿಗೆ ಕಟ್ಟುವುದು ಇದನ್ನೇ. ಜೂಲಿನ ಕೂದಲು ಅದಕ್ಕಿಂತ ಸಣ್ಣ, ಮೆತ್ತಗೆ. ಹೊಟ್ಟೆ, ಪಕ್ಕೆ, ಕಾಲಿನ ಕೂದಲು ಗಿಡ್ಡ, ಇನ್ನೂ ನಯ. ಬಾಲದ ಬುಡದ ಅಕ್ಕಪಕ್ಕದಲ್ಲಿ ಬೆಳೆಯುವ ಕೂದಲಿಗೆ ಜಪಾನಿನ ಕುಂಚಗಾರರು ಬೇರೆಯದೇ ಬೆಲೆ ಕಟ್ಟುತ್ತಾರೆ.

ವ್ಯತ್ಯಾಸ ಬರೀ ದಪ್ಪದ್ದಲ್ಲ. ಮೈಮೇಲಿನ ಕೂದಲನ್ನು ಕುದುರೆ ಋತುವಿಗೆ ತಕ್ಕಂತೆ ಉದುರಿಸಿ ಹೊಸದು ಬೆಳೆಸುತ್ತದೆ. ಆದ್ದರಿಂದ ಅದರ ತುದಿ ಸವೆದಿರುವುದಿಲ್ಲ. ಬಾಲ ಮತ್ತು ಜೂಲು ಹಾಗೆ ಉದುರುವುದಿಲ್ಲ, ವರ್ಷಗಟ್ಟಲೆ ಬೆಳೆಯುತ್ತಾ ಇರುತ್ತವೆ. ಅಷ್ಟರಲ್ಲಿ ತುದಿ ಬೇಲಿಗೆ ಸಿಕ್ಕಿ, ನೊಣ ಓಡಿಸಿ, ಸಾಕಿದವರ ಕತ್ತರಿಗೂ ಸಿಕ್ಕಿ ಹಾಳಾಗಿರುತ್ತದೆ. ಉದ್ದ ಬೇಕು ಅಂದರೆ ಮೊನೆ ಸಿಗುವುದು ಕಷ್ಟ, ಮೊನೆ ಬೇಕು ಅಂದರೆ ಉದ್ದ ಸಿಗುವುದಿಲ್ಲ.

ಇನ್ನೊಂದು ಕೊರತೆಯನ್ನೂ ಹೇಳಬೇಕು. ದುಬಾರಿ ವಾಟರ್‌ಕಲರ್ ಕುಂಚಕ್ಕೆ ಬಳಸುವ ಕೊಲಿನ್‌ಸ್ಕಿ ಅನ್ನೋ ಸೈಬೀರಿಯಾದ ಪ್ರಾಣಿಯ ಬಾಲದ ಕೂದಲು ನಡುವಿನಲ್ಲಿ ಉಬ್ಬಿ, ಎರಡೂ ಕಡೆ ಸಣ್ಣಗಾಗುತ್ತದೆ. ಕುದುರೆ ಕೂದಲಿಗೆ ಆ ಉಬ್ಬಿಲ್ಲ. ಅದಕ್ಕೇ ಪೂರ್ತಿ ಕುದುರೆ ಕೂದಲಿನ ಚಿಕ್ಕ ಕುಂಚ ಸೂಜಿಯಂಥ ಮೊನೆ ಕೊಡುವುದಿಲ್ಲ. ಶಾಲೆಗೆ ಬರುವ ಅಗ್ಗದ ಕುಂಚಗಳಲ್ಲಿ ಹೆಚ್ಚಾಗಿ ಪೋನಿ, ಅಂದರೆ ಗಿಡ್ಡ ಜಾತಿಯ ಕುದುರೆಯ ಕೂದಲು ಇರುತ್ತದೆ, ಅವು ಬೇಗ ಕೆದರುವುದೂ ಇದೇ ಕಾರಣದಿಂದ. ಅಂದಹಾಗೆ, ಅಂಗಡಿಯಲ್ಲಿ ಕ್ಯಾಮೆಲ್ ಹೇರ್ ಅಂತ ಚೀಟಿ ಅಂಟಿಸಿದ ಕುಂಚದಲ್ಲಿ ಸಾಮಾನ್ಯವಾಗಿ ಒಂಟೆಯ ಒಂದು ಕೂದಲೂ ಇರುವುದಿಲ್ಲ. ಅಳಿಲು, ಆಡು, ಕುದುರೆ, ಯಾವುದು ಬೇಕಾದರೂ ಇರಬಹುದು.

ಕುಮಾನೊದಲ್ಲಿ ನಡೆಯುವ ಕೆಲಸ

ಜಪಾನಿನ ಹಿರೋಷಿಮಾ ಪ್ರಾಂತ್ಯದಲ್ಲಿ ಬೆಟ್ಟಗಳ ನಡುವೆ ಕುಮಾನೊ ಎಂಬ ಚಿಕ್ಕ ಪಟ್ಟಣವಿದೆ. ಜಪಾನಿನಲ್ಲಿ ತಯಾರಾಗುವ ಬರೆಯುವ ಕುಂಚಗಳಲ್ಲಿ ಬಹುಪಾಲು ಇಲ್ಲಿಂದಲೇ ಬರುತ್ತವೆ. ತಮಾಷೆ ಅಂದರೆ ಕುಂಚಕ್ಕೆ ಬೇಕಾದ ಕೂದಲಾಗಲಿ, ಹಿಡಿಯ ಸಾಮಾನಾಗಲಿ ಆ ಊರಿನಲ್ಲಿ ಬೆಳೆಯುವುದಿಲ್ಲ. ಕೂದಲು ಚೀನಾ ಮತ್ತಿತರ ಕಡೆಯಿಂದ ಬರುತ್ತದೆ. ಹಾಗಾದರೆ ಇಲ್ಲೇ ಯಾಕೆ ಅಂತ ಕೇಳಿದರೆ ಉತ್ತರ ಬಡತನ. ಗದ್ದೆ ಕಡಿಮೆ. ಬೇಸಾಯ ಇಲ್ಲದ ತಿಂಗಳುಗಳಲ್ಲಿ ಇಲ್ಲಿನ ರೈತರು ನಾರಾ ಕಡೆಗೆ ಕೂಲಿಗೆ ಹೋಗುತ್ತಿದ್ದರು. ಬರುವಾಗ ಅಲ್ಲಿನ ಕುಂಚ ಮತ್ತು ಶಾಯಿ ಕೊಂಡು ದಾರಿಯುದ್ದಕ್ಕೂ ಮಾರುತ್ತಿದ್ದರು. 19ನೇ ಶತಮಾನದ ಮೊದಲ ಭಾಗದಲ್ಲಿ ಕೆಲವರು ಕುಂಚ ಕಟ್ಟುವುದನ್ನೇ ಕಲಿತು ಬಂದರು. ಸ್ಥಳೀಯ ಸಂಸ್ಥಾನವೂ ಬೆಂಬಲಿಸಿತು. 1975ರಲ್ಲಿ ಜಪಾನ್ ಸರ್ಕಾರ ಕುಮಾನೊ ಕುಂಚವನ್ನು ಸಾಂಪ್ರದಾಯಿಕ ಕರಕುಶಲ ವಸ್ತು ಎಂದು ಗುರುತಿಸಿತು. 2011ರಲ್ಲಿ ಮಹಿಳಾ ಫುಟ್‌ಬಾಲ್ ವಿಶ್ವಕಪ್ ಗೆದ್ದ ಜಪಾನ್ ತಂಡಕ್ಕೆ ಸರ್ಕಾರ ಉಡುಗೊರೆಯಾಗಿ ಕೊಟ್ಟಿದ್ದು ಇದೇ ಊರಿನ ಮೇಕಪ್ ಕುಂಚಗಳನ್ನು.

ಕೆಲಸ ಕೂದಲು ಆರಿಸುವುದರಿಂದ ಶುರು. ಯಾವ ಪ್ರಾಣಿಯದು, ಮೈಯ ಯಾವ ಭಾಗದ್ದು, ಎಷ್ಟು ಉದ್ದ, ಯಾವುದನ್ನು ಯಾವುದರ ಜೊತೆ ಸೇರಿಸಬೇಕು ಅಂತ ಮೊದಲೇ ತೀರ್ಮಾನಿಸುತ್ತಾರೆ. ಪುಟಿತಕ್ಕೆ ಕುದುರೆ, ನೀರು ಹಿಡಿಯೋಕೆ ಆಡು, ಹೀಗೆ. ದೊಡ್ಡ ಅಕ್ಷರ ಬರೆಯುವ ದಪ್ಪ ಕುಂಚದ ತಿರುಳಿಗೆ ಕುದುರೆ ಬಾಲ ಹೇಳಿ ಮಾಡಿಸಿದ್ದು, ಅಷ್ಟು ಉದ್ದದ ಕೂದಲು ಬೇರೆ ಪ್ರಾಣಿಯಲ್ಲಿ ಸಿಗುವುದು ಕಡಿಮೆ.

ಮುಂದಿನದು ಜಿಡ್ಡು ತೆಗೆಯುವ ಕೆಲಸ. ಭತ್ತದ ಹೊಟ್ಟು ಸುಟ್ಟ ಬೂದಿಯನ್ನು ಕೂದಲಿಗೆ ಉದುರಿಸಿ, ಬಿಸಿ ಇಸ್ತ್ರಿ ಇಟ್ಟು, ಆ ಶಾಖ ಇರುವಾಗಲೇ ಜಿಂಕೆ ಚರ್ಮದಲ್ಲಿ ಸುತ್ತಿ ಉಜ್ಜುತ್ತಾರೆ. ಒಂದೇ ಏಟಿಗೆ ಎರಡು ಕೆಲಸ. ಬೂದಿ ಎಣ್ಣೆಯಂಶ ಹೀರುತ್ತದೆ. ಎಣ್ಣೆ ಉಳಿದರೆ ಶಾಯಿ ಕೂದಲಿಗೆ ಹತ್ತುವುದಿಲ್ಲ, ಜಾರಿಬಿಡುತ್ತದೆ. ಶಾಖ ಕೂದಲಿನ ಡೊಂಕು ನೆಟ್ಟಗೆ ಮಾಡುತ್ತದೆ. ಕೂದಲು ಕೆರಾಟಿನ್ ಅನ್ನೋ ಪ್ರೋಟೀನ್. ಅದರ ಒಳಗಿನ ಕೆಲವು ದುರ್ಬಲ ಕೊಂಡಿಗಳು ಶಾಖಕ್ಕೆ, ತೇವಕ್ಕೆ ಬಿಡುತ್ತವೆ, ತಣ್ಣಗಾದಾಗ ಹೊಸ ಆಕಾರದಲ್ಲಿ ಮತ್ತೆ ಕೂಡುತ್ತವೆ. ಬ್ಯೂಟಿ ಪಾರ್ಲರಿನಲ್ಲಿ ಇಸ್ತ್ರಿ ಹಿಡಿದು ಕೂದಲು ನೇರ ಮಾಡುವುದರ ಹಿಂದೆಯೂ ಇದೇ ವಿಜ್ಞಾನ.

ಆಮೇಲೆ ಎಲ್ಲ ತುದಿಗಳನ್ನೂ ಒಂದು ಮಟ್ಟಕ್ಕೆ ತರುತ್ತಾರೆ. ಇಲ್ಲಿ ಕೈಗಾರಿಕೆಯ ಗುಟ್ಟೆಲ್ಲ ಬೆರಳಿನಲ್ಲಿದೆ. ಕಟ್ಟಿನೊಳಗೆ ಕೆಲವು ಕೂದಲು ತಲೆಕೆಳಗಾಗಿ, ಬುಡ ಮುಂದಾಗಿ ಸೇರಿರುತ್ತವೆ. ಕೆಲವಕ್ಕೆ ಮೊನೆ ಸವೆದಿರುತ್ತದೆ. ಕುಂಚಗಾರರು ಚಿಕ್ಕ ಚಾಕುವಿನ ಅಂಚಿಗೆ ಹೆಬ್ಬೆರಳು ಒತ್ತಿ, ಅಂಥವನ್ನು ಹುಡುಕಿ ಹುಡುಕಿ ಎಳೆದು ಬಿಸಾಡುತ್ತಾರೆ. ಕಣ್ಣಿಗೆ ಕಾಣುವುದಕ್ಕಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ, ಹುರುಪೆ ಎದುರಾಗುತ್ತದಲ್ಲ. ಈ ಕೆಲಸ ಒಮ್ಮೆ ಮಾಡಿ ಬಿಡುವಂಥದ್ದಲ್ಲ, ಕೊನೆಯ ಹಂತದವರೆಗೂ ನಡೆಯುತ್ತಲೇ ಇರುತ್ತದೆ.

ಇಷ್ಟಾದ ಮೇಲೆಯೇ ಕತ್ತರಿ, ಅದೂ ಬುಡಕ್ಕೆ. ಎಲ್ಲವನ್ನೂ ಒಂದೇ ಉದ್ದಕ್ಕೆ ಕತ್ತರಿಸುವುದಿಲ್ಲ. ತುದಿಯವರೆಗೆ ಹೋಗುವ ಕೂದಲು ಅತಿ ಉದ್ದ. ಹೊಟ್ಟೆ ಭಾಗಕ್ಕೆ ಸ್ವಲ್ಪ ಗಿಡ್ಡ, ಬುಡಕ್ಕೆ ಇನ್ನೂ ಗಿಡ್ಡ. ಹೀಗೆ ಬೇರೆ ಬೇರೆ ಉದ್ದದ ಕೂದಲಿದ್ದರೇ ಕುಂಚ ಬುಡದಲ್ಲಿ ತುಂಬಿಕೊಂಡು ತುದಿಗೆ ಇಳಿಜಾರಾಗುತ್ತದೆ. ಒಂದೇ ಉದ್ದದ ಕೂದಲು ತುಂಬಿದರೆ ಸಿಗುವುದು ಪೊರಕೆ. ಈಗ ಇವನ್ನೆಲ್ಲ ಒದ್ದೆ ಮಾಡಿ, ಹಲಗೆಯ ಮೇಲೆ ತೆಳುವಾಗಿ ಹರಡಿ, ಮಡಚಿ, ಮತ್ತೆ ಹರಡಿ, ಮತ್ತೆ ಮಡಚಿ ಕಲಸುತ್ತಾರೆ. ಉದ್ದ ಗಿಡ್ಡ ಎಲ್ಲ ಕಡೆ ಸಮವಾಗಿ ಬೆರೆಯುವವರೆಗೂ ಬಿಡುವುದಿಲ್ಲ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಯಂತ್ರಕ್ಕೆ ಒಪ್ಪಿಸಲು ಅತಿ ಕಷ್ಟವಾದ ಹಂತ ಇದೇ, ಯಾಕೆಂದರೆ ಇಲ್ಲಿ ಸಾಕು ಅನ್ನೋದನ್ನು ಅಳೆಯುವ ಮೀಟರಿಲ್ಲ.

ಬೆರೆಸಿದ್ದರಿಂದ ಒಂದು ಕುಂಚಕ್ಕೆ ಬೇಕಾದಷ್ಟು ತೆಗೆದು, ಚಿಕ್ಕ ಕೊಳವೆಯೊಳಗೆ ತೂರಿಸಿ ದಪ್ಪ ನೋಡುತ್ತಾರೆ. ಇದು ತಿರುಳು. ಇದರ ಸುತ್ತ ಒಳ್ಳೆಯ ಕೂದಲಿನ ತೆಳು ಪದರವನ್ನು ಹೊದಿಸಿ ಒಣಗಿಸುತ್ತಾರೆ. ಬುಡಕ್ಕೆ ಸೆಣಬಿನ ದಾರ ಬಿಗಿದು, ಕಾದ ಕಬ್ಬಿಣದಿಂದ ಚುರ್ ಅನಿಸುತ್ತಾರೆ. ಬುಡದ ಕೂದಲು ಸುಟ್ಟು ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಇನ್ನು ಉದುರುವುದು ಕಡಿಮೆ. ಆಮೇಲೆ ಹಿಡಿಗೆ ಸೇರಿಸಿ ಅಂಟು ಹಾಕುತ್ತಾರೆ. ಕೊನೆಗೆ ಕಡಲಪಾಚಿಯಿಂದ ತೆಗೆದ ಗಂಜಿಯಲ್ಲಿ ಕುಂಚವನ್ನು ನೆನೆಸಿ, ದಾರ ಸುತ್ತಿ ತಿರುಗಿಸುತ್ತಾ ಹೆಚ್ಚಿನ ಗಂಜಿ ಹಿಂಡುತ್ತಾರೆ. ಅಂಗಡಿಯಲ್ಲಿ ಹೊಸ ಕುಂಚ ಕಡ್ಡಿಯ ಹಾಗೆ ಗಟ್ಟಿಯಾಗಿ, ಚೂಪಾಗಿ ಇರುವುದು ಈ ಗಂಜಿಯಿಂದ. ಅದನ್ನು ನೋಡಿ ಮೊನೆ ಚೆನ್ನಾಗಿದೆ ಅಂತ ಕೊಂಡುಬಿಡಬಾರದು. ಗಂಜಿ ತೊಳೆದ ಮೇಲೆಯೇ ನಿಜ ಗೊತ್ತಾಗುವುದು.

ಮೊನೆ ಇಲ್ಲದಿದ್ದರೆ

ಬಾಲದ ಕೂದಲಿಗೆ ಮೊನೆ ಸಿಗುವುದಿಲ್ಲ ಅಂದೆ. ಆದರೂ ಅದನ್ನು ಬಿಸಾಡುವುದಿಲ್ಲ. ಜಪಾನಿನ ಮರದಚ್ಚಿನ ಚಿತ್ರ ಮುದ್ರಿಸುವವರು ಹಲಗೆಗೆ ಬಣ್ಣ ಹಚ್ಚುವುದು ಕುದುರೆ ಬಾಲದ ಗಿಡ್ಡ, ಗಟ್ಟಿ ಕುಂಚದಿಂದ. ಇಲ್ಲಿ ಗೆರೆ ಎಳೆಯುವ ಮಾತೇ ಇಲ್ಲ, ಬಣ್ಣವನ್ನು ಸಮವಾಗಿ ಉಜ್ಜಬೇಕು. ಆದರೆ ಕತ್ತರಿಸಿದ ಮೊಂಡು ತುದಿ ಬಣ್ಣದಲ್ಲಿ ಗೀಚಿದ ಗುರುತು ಬಿಡುತ್ತದೆ. ಅದಕ್ಕೆ ಅವರು ಮೊದಲು ಕುಂಚದ ಮುಖವನ್ನು ಕಾದ ಕಬ್ಬಿಣದ ತಗಡಿಗೆ ತಾಗಿಸಿ ಸುಡುತ್ತಾರೆ. ಆಮೇಲೆ ಒದ್ದೆ ಮಾಡಿ ಶಾರ್ಕ್ ಮೀನಿನ ಚರ್ಮದ ಮೇಲೆ ಉಜ್ಜುತ್ತಾರೆ. ಶಾರ್ಕಿನ ಚರ್ಮದಲ್ಲಿ ಹಲ್ಲಿನಂಥ ಸಣ್ಣ ಮುಳ್ಳುಗಳಿವೆ. ಅವುಗಳಿಗೆ ಸಿಕ್ಕ ಪ್ರತಿ ಕೂದಲಿನ ತುದಿಯೂ ಹಲವು ಎಳೆಯಾಗಿ ಸೀಳುತ್ತದೆ. ಕುದುರೆ ಕೊಡದ ಸಣ್ಣ ತುದಿಯನ್ನು ಹೀಗೆ ಕೈಯಿಂದ ಮಾಡಿಕೊಳ್ಳುತ್ತಾರೆ. ಎಣ್ಣೆಬಣ್ಣದವರು ಹಂದಿ ಕೂದಲನ್ನು ಇಷ್ಟಪಡುವುದೂ ಇದಕ್ಕೇ, ಅದರ ತುದಿ ಹುಟ್ಟಿನಿಂದಲೇ ಸೀಳಿರುತ್ತದೆ.

ಈಗಿನ ಸಿಂಥೆಟಿಕ್ ಕುಂಚಗಳಲ್ಲೂ ಸಮಸ್ಯೆ ಇದೇ. ಯಂತ್ರದಿಂದ ಬರುವ ಎಳೆ ಮೊದಲಿನಿಂದ ಕೊನೆವರೆಗೆ ಒಂದೇ ದಪ್ಪ. ಕೆಲವು ಜಾತಿಯ ಪಾಲಿಯೆಸ್ಟರ್ ಎಳೆಗಳ ತುದಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿ, ಕರಗಿಸಿ ಸಣ್ಣ ಮಾಡುತ್ತಾರೆ. ಮೊನೆ ಬರುತ್ತದೆ, ಹುರುಪೆ ಬರುವುದಿಲ್ಲ.

ನಮ್ಮಲ್ಲಿ

ಮೈಸೂರು ಶೈಲಿಯ ಹಳೆಯ ಚಿತ್ರಕಾರರು ಅಳಿಲು, ಆಡು ಮುಂತಾದ ಪ್ರಾಣಿಗಳ ಕೂದಲಿನ ಕುಂಚ ಬಳಸುತ್ತಿದ್ದರು. ತೀರಾ ಸಣ್ಣ ಗೆರೆಗೆ ಒಂದು ಜಾತಿಯ ಹುಲ್ಲಿನ ಚೂಪು ಎಸಳೇ ಕುಂಚ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುವುದು ಪುಂಡಿ ನಾರಿನಿಂದ. ಕೈಗೆ ಏನು ಸಿಗುತ್ತದೋ ಅದರ ತುದಿಯನ್ನು ಕೆಲಸಕ್ಕೆ ಒಗ್ಗಿಸಿಕೊಂಡಿದ್ದಾರೆ.

ಬೇಸರದ ಕಥೆ ಮುಂಗುಸಿಯದು. ಅದರ ಕೂದಲಿಗೆ ಮೊನೆಯೂ ಇದೆ, ಪುಟಿತವೂ ಇದೆ. ಆದ್ದರಿಂದಲೇ ಅದನ್ನು ಕೊಲ್ಲುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮುಂಗುಸಿ ಕೂದಲಿನ ವ್ಯಾಪಾರ ಅಪರಾಧ. ಉತ್ತರ ಪ್ರದೇಶದ ಬಿಜ್ನೋರ್ ಜಿಲ್ಲೆಯ ಶೇರ್‌ಕೋಟ್ ಕುಂಚ ತಯಾರಿಕೆಗೆ ಹೆಸರಾದ ಊರು. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ಹಲವು ರಾಜ್ಯಗಳಲ್ಲಿ ಒಟ್ಟಿಗೆ ದಾಳಿ ಮಾಡಿದಾಗ 50 ಸಾವಿರಕ್ಕೂ ಹೆಚ್ಚು ಮುಂಗುಸಿ ಕುಂಚಗಳು, 100 ಕಿಲೋಗೂ ಜಾಸ್ತಿ ಕೂದಲು ಸಿಕ್ಕಿತು. ಒಂದು ಮುಂಗುಸಿಯ ಮೈಯಿಂದ ಸಿಗುವುದು ಹತ್ತಾರು ಗ್ರಾಂ ಕೂದಲು ಮಾತ್ರ ಅಂದರೆ ಲೆಕ್ಕ ನೀವೇ ಹಾಕಿಕೊಳ್ಳಿ. ಕುದುರೆ ಬಾಲವನ್ನು ಜೀವಂತ ಕುದುರೆಯಿಂದ ನೋವಿಲ್ಲದೆ ಕತ್ತರಿಸಬಹುದು. ಮಾರುಕಟ್ಟೆಗೆ ಬರುವ ಕುದುರೆ ಕೂದಲೆಲ್ಲ ಹಾಗೆ ಬಂದದ್ದಲ್ಲ, ಬಹಳಷ್ಟು ಕಸಾಯಿಖಾನೆಯಿಂದ ಬರುತ್ತದೆ. ಆದರೂ ದಾರಿಯಾದರೂ ಇದೆಯಲ್ಲ.

ಕೂದಲು ಎಲ್ಲಿಂದ ಬಂತು ಅಂತ ಕೇಳೋಕೆ ಇನ್ನೊಂದು ಕಾರಣ ಆರೋಗ್ಯ. ಮೊದಲ ಮಹಾಯುದ್ಧದ ಕಾಲದಲ್ಲಿ ಗಡ್ಡ ಹೆರೆಯುವ ಬ್ರಷ್‌ಗೆ ಬೇಕಾದ ಬ್ಯಾಡ್ಜರ್ ಕೂದಲು ಸಿಗದೆ, ಕುದುರೆ ಕೂದಲನ್ನೇ ಹಾಗೆ ಕಾಣುವಂತೆ ಮಾಡಿ ಬಳಸಿದರು. ಕ್ರಿಮಿಶುದ್ಧಿ ಸರಿಯಾಗಿ ಆಗಲಿಲ್ಲ. ಬ್ರಿಟನ್ ಮತ್ತು ಅಮೆರಿಕದಲ್ಲಿ ಸೈನಿಕರೂ ಸೇರಿ 200ಕ್ಕೂ ಹೆಚ್ಚು ಜನರಿಗೆ ಆಂಥ್ರಾಕ್ಸ್ ತಗುಲಿತು. ನಮ್ಮ ಹಳ್ಳಿಗಳಲ್ಲಿ ನೆರಡಿ ರೋಗ ಅನ್ನುವುದು ಇದನ್ನೇ. 1920ರಲ್ಲಿ ಬ್ರಿಟನ್ ಜಪಾನಿನ ಶೇವಿಂಗ್ ಬ್ರಷ್‌ಗಳ ಆಮದನ್ನೇ ನಿಷೇಧಿಸಿತು. ಈ ರೋಗದ ಬೀಜಕಣಗಳು ಸೋಪಿನ ನೀರಿಗೆ ಸಾಯುವುದಿಲ್ಲ. ಸತ್ತುಬಿದ್ದ ಪ್ರಾಣಿಯ ಕೂದಲನ್ನು ಯಾವ ಕಾರಣಕ್ಕೂ ಮುಟ್ಟಬೇಡಿ.

ಮನೆಯಲ್ಲಿ ಮಾಡುವುದಾದರೆ

ಕುದುರೆ ಸವಾರಿ ಕಲಿಸುವ ಕಡೆ ಕೇಳಿದರೆ ಆರೋಗ್ಯವಾಗಿರುವ ಕುದುರೆಯ ಬಾಲ ಟ್ರಿಮ್ ಮಾಡಿದ ಕೂದಲು ಸಿಗಬಹುದು. ಇಲ್ಲವೇ ಪಿಟೀಲು ಬಿಲ್ಲಿಗೆಂದು ಶುದ್ಧಮಾಡಿ ಮಾರುವ ಕೂದಲು ಕೊಳ್ಳಬಹುದು. ಎರಡರಲ್ಲೂ ಮೊನೆ ಇರುವುದಿಲ್ಲ. ಹಾಗಾಗಿ ಚೂಪು ಕುಂಚದ ಆಸೆ ಬಿಟ್ಟು ಚಪ್ಪಟೆ ಕುಂಚ ಮಾಡಿ. ಕಾಗದಕ್ಕೆ ನೀರು ಬಳಿಯೋಕೆ, ಆಕಾಶದ ಬಣ್ಣ ಹಚ್ಚೋಕೆ, ಅಂಟು ಸವರೋಕೆ ಅದು ಬೇಕೇ ಬೇಕು.

ಕೂದಲನ್ನು ಶಾಂಪೂ ಹಾಕಿ ತೊಳೆದು, ಬಾಚಿ, ಒಣಗಿಸಿ. 12 ಸೆಂಟಿಮೀಟರ್ ಉದ್ದದ ತುಂಡುಗಳಾಗಿ ಕತ್ತರಿಸಿ. ಪೆನ್ಸಿಲಿನಷ್ಟು ದಪ್ಪದ ಕಟ್ಟು ಸಾಕು. ಇದನ್ನು ನಡುವಿನಲ್ಲಿ ಗಟ್ಟಿ ದಾರದ ಮೇಲೆ ಮಡಚಿ. ಮಡಚಿದ ಕೂದಲು ದಾರಕ್ಕೆ ಸಿಕ್ಕಿಕೊಂಡಿರುವುದರಿಂದ ಕಳಚಿ ಬರುವುದಿಲ್ಲ. ಇದರಲ್ಲಿ ಅರ್ಧ ಕೂದಲು ತಲೆಕೆಳಗಾದವು. ಕುಮಾನೊದವರು ನೋಡಿದರೆ ಒಪ್ಪಲಿಕ್ಕಿಲ್ಲ. ಆದರೆ ಮೊನೆಯೇ ಇಲ್ಲದ ಕಡೆ ಬುಡ ತುದಿ ಅನ್ನೋ ಭೇದಕ್ಕೆ ದೊಡ್ಡ ಅರ್ಥವಿಲ್ಲ.

ಬೆರಳಗಲದ ಬಿದಿರಿನ ಪಟ್ಟಿಯ ಒಂದು ತುದಿಯನ್ನು ಚಪ್ಪಟೆಯಾಗಿ 3 ಸೆಂಟಿಮೀಟರ್ ಸೀಳಿ. ಸೀಳಿನೊಳಗೆ ಅಂಟು ಸವರಿ, ಮಡಚಿದ ಬದಿಯನ್ನು 2 ಸೆಂಟಿಮೀಟರಿನಷ್ಟು ಒಳಗೆ ತೂರಿಸಿ, ಕೂದಲನ್ನು ಪಟ್ಟಿಯ ಅಗಲಕ್ಕೆ ಸಮವಾಗಿ ಹರಡಿ. ಹೊರಗಿನಿಂದ ದಾರವನ್ನು ಬಿಗಿಯಾಗಿ ಒತ್ತೊತ್ತಾಗಿ ಸುತ್ತಿ. ನೀರಿನಲ್ಲಿ ಬಳಸುವುದರಿಂದ ಎಪಾಕ್ಸಿ ಅಂಟೇ ಒಳ್ಳೆಯದು, ಫೆವಿಕಾಲ್ ನೆನೆದರೆ ಮೆತ್ತಗಾಗುತ್ತದೆ. ಒಂದು ದಿನ ಬಿಡಿ.

ಹೊರಗೆ ಉಳಿದ ಕೂದಲು ಸುಮಾರು 4 ಸೆಂಟಿಮೀಟರ್. ಮೊದಲು ಹಾಗೇ ಬಳಸಿ ನೋಡಿ. ತೀರಾ ಜೋತುಬೀಳುತ್ತದೆ ಅನಿಸಿದರೆ ಅರ್ಧ ಸೆಂಟಿಮೀಟರ್ ಮಾತ್ರ ಕತ್ತರಿಸಿ, ಇಲ್ಲಿ ಕತ್ತರಿಗೆ ಅನುಮತಿ ಇದೆ. ಒಮ್ಮೆಲೇ ಅರ್ಧ ಕತ್ತರಿಸಿದರೆ ಬಿಗಿ 8 ಪಟ್ಟಾಗಿ ಪಾತ್ರೆ ಉಜ್ಜೋ ಬ್ರಷ್ ಆಗುತ್ತದೆ. ಉದ್ದ ಸರಿ ಅನಿಸಿದ ಮೇಲೆ ತುದಿಯನ್ನು ಒದ್ದೆ ಮಾಡಿ, ನೀರಿಗೆ ಹಾಳಾಗದ ನಯವಾದ ಎಮೆರಿ ಕಾಗದದ ಮೇಲೆ ಎಲ್ಲ ದಿಕ್ಕಿಗೂ ಉಜ್ಜಿ. ಶಾರ್ಕ್ ಚರ್ಮದ ಕೆಲಸವನ್ನು ಅದು ಮಾಡುತ್ತದೆ. ಸಾಕಷ್ಟು ಹೊತ್ತು ಹಿಡಿಯುತ್ತದೆ. ಆಗಾಗ ಅಂಗೈಯ ಹಿಂಬದಿಗೆ ತಾಗಿಸಿ ನೋಡಿ, ಚುಚ್ಚುವುದು ನಿಂತ ಮೇಲೆ ಸಾಕು.

ಬಳಸಿದ ಮೇಲೆ ತೊಳೆದು, ಬೆರಳಿನಿಂದ ನೇರ ಮಾಡಿ, ಮಲಗಿಸಿ ಒಣಗಿಸಿ. ಲೋಟದಲ್ಲಿ ಕೂದಲು ಮೇಲೆ ಮಾಡಿ ನಿಲ್ಲಿಸಿದರೆ ನೀರು ಬುಡಕ್ಕೆ ಇಳಿದು ಬಿದಿರು ಉಬ್ಬುತ್ತದೆ, ದಾರ ಸಡಿಲವಾಗುತ್ತದೆ. ನುಸಿ ಮತ್ತು ಬಟ್ಟೆ ತಿನ್ನುವ ಹುಳುಗಳಿಗೆ ಕೆರಾಟಿನ್ ಅಂದರೆ ಊಟ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಚೆನ್ನಾಗಿ ಒಣಗಿಸಿ, ಬೇವಿನ ಎಲೆಯ ಜೊತೆ ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿಡಿ.